ದಿಬ್ಬದ ಗಾಳಿಗೆ ಎದುರಾದ ಬೇವು

ಆಷಾಢದ ಗಾಳಿ ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಪಡುವಣದಿಂದ ಬೀಸುತ್ತದೆ. ಬಿಸಿಲೇರುತ್ತಿದ್ದಂತೆ ಸೈನೈಡ್ ದಿಬ್ಬಗಳ ನೆತ್ತಿಯಿಂದ ಬೂದುಬಣ್ಣದ ಪುಡಿ ಎದ್ದು, ಮೈನಿಂಗ್ ಕಾಲೊನಿಯ ಲೈನುಮನೆಗಳ ಮೇಲೆ ಹಾಯ್ದುಹೋಗುತ್ತದೆ. ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ಬಿಂದಿಗೆಯ ಬಾಯಿಗೆ ತಟ್ಟೆ ಬೀಳುತ್ತದೆ, ಒಣಹಾಕಿದ ಬಟ್ಟೆ ಒಳಗೆ ಹೋಗುತ್ತದೆ. ಬೀದಿಯ ಬೇವು, ಹೊಂಗೆಗಳು ಎಲ್ಲಿಗೆ ಹೋಗಬೇಕು? ಬಿದ್ದದ್ದನ್ನೆಲ್ಲ ಹೊತ್ತು ನಿಲ್ಲುತ್ತವೆ. ಕೋಲಾರ ಜಿಲ್ಲೆಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಆ ಎಲೆಗಳನ್ನು ಚೆನ್ನಾಗಿ ತೊಳೆಯುವವರಿಲ್ಲ.

1880ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿತು. ಕೊನೆಗೆ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಬಿಜಿಎಂಎಲ್ 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಿಂದ ಮೇಲೆ ಬಂದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡು, ಉಳಿದದ್ದನ್ನು ಸುರಿದರು. ಹಾಗೆ ಬೆಳೆದ ದಿಬ್ಬಗಳು 13, ಅವುಗಳ ತೂಕ ಮೂರು ಕೋಟಿ ಟನ್ನಿಗೂ ಮಿಗಿಲು. ಜನ ಹೆದರುವುದು ಹೆಸರಿನಲ್ಲಿರುವ ಸೈನೈಡಿಗೆ. ಆದರೆ ಅದರ ಬಹುಪಾಲು ಬಿಸಿಲು ಗಾಳಿಗೆ ವರ್ಷಗಳಲ್ಲಿ ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ಲೋಹ. ಕೋಲಾರದ ಅದಿರಿನ ಜೊತೆಗೇ ಆರ್ಸೆನಿಕ್, ಸೀಸ, ತಾಮ್ರ, ಸತುವಿನ ಗಂಧಕ ಖನಿಜಗಳೂ ಮೇಲೆ ಬಂದಿದ್ದವು. ಅವಕ್ಕೆ ಮುಪ್ಪಿಲ್ಲ. ಜೊತೆಗೆ ಸಿಲಿಕಾ ಪುಡಿ. ಸುರಂಗದಲ್ಲಿ ದುಡಿದವರ ಶ್ವಾಸಕೋಶವನ್ನು ಕಲ್ಲಾಗಿಸಿದ್ದು ಅದೇ. ಸುರಂಗಕ್ಕೆ ಒಂದು ದಿನವೂ ಇಳಿಯದ ಹೆಂಗಸರು, ಮಕ್ಕಳು ಈಗ ಅದನ್ನು ಬೀದಿಯಲ್ಲಿ ಉಸಿರಾಡುತ್ತಿದ್ದಾರೆ. ಇದನ್ನು ಸಹಿಸಿಕೊಂಡು ಸುಮ್ಮನಿರುವುದು ನ್ಯಾಯವಲ್ಲ.

ಈ ದೂಳನ್ನು ಅಳೆಯುವುದು ಹೇಗೆ? ಗಾಳಿಯಲ್ಲಿ ಸೀಸ ಘನಮೀಟರಿಗೆ ವರ್ಷದ ಸರಾಸರಿ 0.5 ಮೈಕ್ರೋಗ್ರಾಂ, ಆರ್ಸೆನಿಕ್ 6 ನ್ಯಾನೋಗ್ರಾಂ ಮೀರಬಾರದೆಂದು 2009ರ ರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅದನ್ನು ಹಿಡಿಯುವ ಯಂತ್ರ ದುಬಾರಿ, ಅದಕ್ಕೆ ಕರೆಂಟು ಬೇಕು, ಕಾವಲು ಬೇಕು. ನಿಲ್ಲಿಸಿದ ಕಡೆ ನಿಲ್ಲುತ್ತದೆ, ಪಕ್ಕದ ಬೀದಿಯ ಸುದ್ದಿ ಅದಕ್ಕೆ ತಿಳಿಯದು. ಮರಗಳಾದರೋ ಬೀದಿಬೀದಿಯಲ್ಲೂ ಇವೆ, ಬಿದ್ದ ದೂಳಿನ ಲೆಕ್ಕವನ್ನು ಅವುಗಳ ಎಲೆಯಿಂದಲೇ ಓದಬಹುದು.

ಕೆಲಸದ ಬಗೆ ಸರಳ. ಒಂದೇ ಜಾತಿಯ ಮರಗಳನ್ನು ಆರಿಸಿ, ಆಳೆತ್ತರದಲ್ಲಿ, ಒಂದೇ ಪ್ರಾಯದ ಎಲೆಗಳನ್ನು ಕೊಯ್ಯಬೇಕು. ಅರ್ಧವನ್ನು ಶುದ್ಧ ನೀರಿನಲ್ಲಿ ತೊಳೆದು, ಅರ್ಧವನ್ನು ಹಾಗೇ ಬಿಟ್ಟು, ಒಣಗಿಸಿ, ಆಮ್ಲದಲ್ಲಿ ಕರಗಿಸಿ ಲೋಹವನ್ನು ಅಳೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ಗಾಳಿ ತಂದು ಹೊರಿಸಿದ್ದು. ತೊಳೆದರೂ ಹೋಗದ್ದರಲ್ಲಿ ಬೇರು ಮಣ್ಣಿನಿಂದ ಹೀರಿದ್ದೂ ಇರುತ್ತದೆ, ಹಾಗಾಗಿ ಮರದ ಬುಡದ ಮಣ್ಣನ್ನೂ ಪರೀಕ್ಷಿಸಬೇಕು. ಎಲೆ ಹೇಳುವುದು ಈ ಹಂಗಾಮಿನ ಮಾತು. ಹಲವು ವರ್ಷಗಳ ಲೆಕ್ಕ ಬೇಕಿದ್ದರೆ ತೊಗಟೆಯ ಹೊರಪದರವನ್ನು ಎರಡು ಮಿಲಿಮೀಟರ್ ಕೆರೆದು ತೆಗೆಯಬಹುದು. ಬೇವಿನ ತೊಗಟೆ ಬಿರುಕುಬಿರುಕು, ದೂಳು ಅಲ್ಲಿ ಕೂತರೆ ಸುಲಭಕ್ಕೆ ಏಳದು. ಕಾಂಡದ ಉಂಗುರಗಳನ್ನು ಮಾತ್ರ ನಾನು ಪೂರ್ತಿ ನೆಚ್ಚುವುದಿಲ್ಲ. ಸೀಸ ಒಂದು ಉಂಗುರದಿಂದ ಇನ್ನೊಂದಕ್ಕೆ ಸರಿಯುವುದುಂಟು.

ಪಕ್ಕದ ಬಂಗಾರಪೇಟೆಯ ಮರಗಳನ್ನೂ ಕೆಜಿಎಫ್‌ನ ಮರಗಳ ಜೊತೆಗೆ ಓದಬೇಕು. ಜಂಕ್ಷನ್ ಹೊರಗೆ ಆಟೊ, ಬಸ್ಸುಗಳ ಗದ್ದಲ. ಸಂಜೆಯಾದರೆ ತಿಳಿನೀರಿನ ಪಾನಿಪೂರಿಯ ಗಾಡಿಗಳ ಸುತ್ತ ಜನ. ಬೆಂಗಳೂರಿನಿಂದ ದುಡಿದು ಬಂದವರನ್ನು ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಕಡೆಗೆ ಹೊತ್ತೊಯ್ಯುವ ರೈಲು ಇಲ್ಲಿಂದಲೇ ಕವಲೊಡೆಯುತ್ತದೆ. ಇಲ್ಲಿನ ಎಲೆಯ ಮೇಲೂ ದೂಳಿದೆ, ಆದರೆ ಅದರ ಕುಲವೇ ಬೇರೆ. ಹಳಿ ಸವೆದ ಕಬ್ಬಿಣ, ಬ್ರೇಕಿನ ತಾಮ್ರ, ಟೈರಿನ ಸತು. ಎರಡು ಊರಿನ ಎಲೆಗಳನ್ನು ಪಕ್ಕಪಕ್ಕ ಇಟ್ಟಾಗಲೇ ದಿಬ್ಬದ ಪಾಲೆಷ್ಟು, ರಸ್ತೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ದಾರಿ ಸಿಗುವುದು.

ಎಲೆಯ ಅಳತೆಯನ್ನು ಕಾನೂನಿನ ಮಾನದಂಡದ ಪಕ್ಕ ನೇರವಾಗಿ ಇಡುವಂತಿಲ್ಲ. ಆದರೆ ಯಂತ್ರವನ್ನು ಎಲ್ಲಿ ಇಡಬೇಕೆಂದು ಅದು ಹೇಳುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಆದದ್ದು ಅದೇ. 2013ರಲ್ಲಿ ಅಲ್ಲಿನ ಅರಣ್ಯ ಸೇವೆಯ ವಿಜ್ಞಾನಿಗಳು ನಗರದ 346 ಕಡೆ ಮರಗಳ ಮೇಲಿನ ಹಾವಸೆಯನ್ನು ಬಿಡಿಸಿ ಪರೀಕ್ಷಿಸಿದರು. ಕ್ಯಾಡ್ಮಿಯಂ ಮಿತಿಮೀರಿ ಕಂಡ ಜಾಗಗಳು ಬಣ್ಣದ ಗಾಜಿನ ಕಾರ್ಖಾನೆಗಳ ಆಸುಪಾಸಿನವು. ಅಲ್ಲಿಗೆ ಯಂತ್ರ ಒಯ್ದಾಗ ಗಾಳಿಯಲ್ಲೂ ಅದೇ ಸಿಕ್ಕಿತು. ಕಾರ್ಖಾನೆಗಳು ಕ್ಯಾಡ್ಮಿಯಂ ಬಳಕೆ ನಿಲ್ಲಿಸಬೇಕಾಯಿತು, 2016ರಲ್ಲಿ ಇಡೀ ನಗರ ಎಚ್ಚೆತ್ತಿತು.

ಕೆಜಿಎಫ್‌ಗೆ ಇದು ಈಗಲೇ ಬೇಕು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಸಾವಿರ ಎಕರೆಗೂ ಮಿಕ್ಕ ಜಾಗ. ಗಣಿ ನಿಂತ ಮೇಲೆ ಕೆಲಸ ಕಳೆದುಕೊಂಡ ಊರು ಇದನ್ನು ಆಸೆಯಿಂದ ನೋಡುತ್ತದೆ, ನೋಡಬೇಕಾದದ್ದೇ. ಆದರೆ ದಶಕಗಳಿಂದ ಗಟ್ಟಿಯಾಗಿ ಕೂತ ಪುಡಿಯನ್ನು ಕೆದಕಿದಾಗ ಏಳುವ ದೂಳು ಯಾರ ಮನೆಗೆ ಎಷ್ಟು ಬಂತೆಂದು ಆಮೇಲೆ ಕೇಳಿದರೆ, ಮೊದಲಿನ ಲೆಕ್ಕ ಎಲ್ಲಿದೆ ಎನ್ನುತ್ತಾರೆ. ಆ ಲೆಕ್ಕವನ್ನು ಮೊದಲ ಯಂತ್ರ ದಿಬ್ಬ ಹತ್ತುವ ಮುಂಚೆಯೇ ಬರೆದಿಡಬೇಕು. ಶಾಲೆ, ಅಂಗನವಾಡಿಗಳ ಅಂಗಳದ ಮರಗಳಿಂದ ಶುರುವಾಗಲಿ. ಎಲೆ ಕೊಯ್ಯುವುದು ಆಷಾಢ ಮುಗಿಯುವ ವಾರ, ದೊಡ್ಡ ಮಳೆಗೆ ಮುನ್ನ. ಮರು ವರ್ಷ ಅದೇ ಮರ, ಅದೇ ವಾರ. ಬಂದ ಅಂಕಿಗಳನ್ನು ಬೀದಿಯ ಹೆಸರಿನೊಂದಿಗೆ ಕನ್ನಡದಲ್ಲೂ ತಮಿಳಿನಲ್ಲೂ ಬರೆದು, ರೇಷನ್ ಅಂಗಡಿಯ ಗೋಡೆಗೆ ಅಂಟಿಸಬೇಕು.