ಸಬ್‌ವೂಫರ್ ಕೊಳ್ಳುವ ಮುನ್ನ ಕೋಣೆ ಅಳೆಯಿರಿ

ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ, ಹೋಂ ಥಿಯೇಟರ್ ಕೊಳ್ಳಲು ಅಂಗಡಿಗೆ ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ‘ಅಣ್ಣಾರ, ಇದು ಎಷ್ಟ್ ವಾಟಿಂದೈತ್ರಿ?’ ಅಂಗಡಿಯವರು ಡಬ್ಬಿಯ ಮೇಲಿನ ದೊಡ್ಡ ಅಂಕಿ ತೋರಿಸುತ್ತಾರೆ, ಒಂದು ಹಾಡು ಜೋರಾಗಿ ಹಚ್ಚುತ್ತಾರೆ. ಎದೆಗೆ ಗುದ್ದಿದಂತಾಗಿ ವ್ಯಾಪಾರ ಕುದುರುತ್ತದೆ. ಅದೇ ಪೆಟ್ಟಿಗೆ ಮನೆಗೆ ಬಂದ ಮೇಲೆ ಅದರ ಗುಣವೇ ಬದಲಾದಂತೆ ತೋರುತ್ತದೆ. ಸೋಫಾದ ಮೇಲೆ ಕೂತವರಿಗೆ ಬೇಸ್ ಸಾಲದು, ಗೋಡೆಗೆ ಒರಗಿ ನಿಂತವರಿಗೆ ಅತಿಯಾಯಿತು. ಒಂದು ಹಾಡು ಚೆಂದ ಕೇಳಿದರೆ ಇನ್ನೊಂದು ಬರೀ ಗುಂಯ್‌ಗುಡುತ್ತದೆ. ಹಾಗಂತ ಪೆಟ್ಟಿಗೆಯೇನೂ ಕೆಟ್ಟಿರುವುದಿಲ್ಲ. ತಗ್ಗಿನ ಸದ್ದಿನ ಮಟ್ಟಿಗೆ ನಮ್ಮ ಕಿವಿಗೆ ಬೀಳುವುದರಲ್ಲಿ ಪೆಟ್ಟಿಗೆಯದು ಅರ್ಧ ಪಾಲು, ಕೋಣೆಯದು ಇನ್ನರ್ಧ. ಆದ್ದರಿಂದ ಈ ಖರೀದಿ ಮನೆಯಲ್ಲೇ, ಕೈಯಲ್ಲಿ ಅಳತೆ ಟೇಪು ಹಿಡಿದು ಶುರುವಾಗಬೇಕು.

ಅಲೆ ಎಷ್ಟುದ್ದ, ಕೋಣೆ ಎಷ್ಟುದ್ದ?

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದನ್ನು ಗ್ರಹಿಸುತ್ತದೆ. ಸಬ್‌ವೂಫರಿನ ಪಾಲಿಗೆ ಬರುವುದು ಇದರ ಕೆಳತುದಿ, ಸಾಮಾನ್ಯವಾಗಿ 20ರಿಂದ 80–100 ಹರ್ಟ್ಸ್. ನಮ್ಮ ಸೀಮೆಯ ಬೆಚ್ಚನೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್, ಅಂದರೆ 1,130 ಅಡಿ ಓಡುತ್ತದೆ. 1,000 ಹರ್ಟ್ಸ್‌ನ ಒಂದು ಅಲೆ ಒಂದಡಿಗಿಂತ ತುಸು ಉದ್ದ. 40 ಹರ್ಟ್ಸ್‌ನ ಅಲೆ 28 ಅಡಿ, 20 ಹರ್ಟ್ಸ್‌ನದು 56 ಅಡಿ. ಹತ್ತು–ಹನ್ನೆರಡು ಅಡಿಯ ಕೋಣೆಯೊಳಗೆ ಅಷ್ಟುದ್ದದ ಅಲೆ ಪೂರ್ತಿ ಹಿಡಿಸುವುದೇ ಇಲ್ಲ. ಅದು ಎದುರುಬದಿರು ಗೋಡೆಗಳಿಗೆ ಬಡಿದು ಹಿಂದಿರುಗಿ ತನ್ನ ಮೇಲೆ ತಾನೇ ಬೀಳುತ್ತದೆ.

ದನ ನೀರು ಕುಡಿಯುವ ಉದ್ದನೆಯ ಬಾನಿಯನ್ನು ಮೆಲ್ಲಗೆ ತೂಗಿದರೆ ನೀರು ಎರಡೂ ತುದಿಗಳಲ್ಲಿ ಏರಿಳಿಯುತ್ತದೆ, ನಟ್ಟನಡುವೆ ಮಾತ್ರ ಮಟ್ಟ ಅಷ್ಟಾಗಿ ಬದಲಾಗುವುದಿಲ್ಲ. ಕೋಣೆಯ ಗಾಳಿಯ ಒತ್ತಡಕ್ಕೂ ಆಗುವುದು ಇದೇ. ಒಂದು ನಿರ್ದಿಷ್ಟ ಕಂಪನಾಂಕಕ್ಕೆ ಗೋಡೆಗಳ ಬಳಿ ಸದ್ದು ಹೆಚ್ಚುತ್ತದೆ, ಕೋಣೆಯ ನಡುಮಧ್ಯೆ ಅಡಗಿಹೋಗುತ್ತದೆ. ಆ ಕಂಪನಾಂಕ ಯಾವುದೆಂದು ತಿಳಿಯಲು 565ನ್ನು ಕೋಣೆಯ ಅಡಿ ಲೆಕ್ಕದ ಅಳತೆಯಿಂದ ಭಾಗಿಸಿದರೆ ಸಾಕು. 12 ಅಡಿಗೆ 47 ಹರ್ಟ್ಸ್, 10 ಅಡಿಗೆ 56, 20 ಅಡಿಗೆ 28.

ಈಗ ನಮ್ಮೂರುಗಳ ಆರ್‌ಸಿಸಿ ಮನೆಯ ಒಂದು ಕೋಣೆ ನೋಡಿ: 12 ಅಡಿ ಉದ್ದ, 10 ಅಡಿ ಅಗಲ, ಸ್ಲ್ಯಾಬಿನ ಎತ್ತರವೂ 10 ಅಡಿ. ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ 56 ಹರ್ಟ್ಸ್ ಎರಡು ಪಟ್ಟು ಉಬ್ಬುತ್ತದೆ. ಆ ಸ್ವರ ಬಂದಾಗಲೆಲ್ಲ ಕೋಣೆ ಗುಂಯ್‌ಗುಡುವುದು ಇದಕ್ಕೇ. ಸಿಮೆಂಟು ಗೋಡೆ, ಟೈಲ್ಸ್ ನೆಲ, ಕಾಂಕ್ರೀಟು ತಾರಸಿ, ಯಾವುದೂ ಬೇಸನ್ನು ಹೀರುವುದಿಲ್ಲ. ಪರದೆ, ಜಮಖಾನೆ ಹಾಕಿದರೆ ಮಾತಿನ ಪ್ರತಿಧ್ವನಿ ತಗ್ಗುತ್ತದೆಯೇ ಹೊರತು ಬೇಸ್ ಜಗ್ಗುವುದಿಲ್ಲ. ಮೆತ್ತನೆಯ ವಸ್ತುವೊಂದು ಸದ್ದನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಅಲೆಯ ಕಾಲುಭಾಗದಷ್ಟಾದರೂ ಇರಬೇಕು. 50 ಹರ್ಟ್ಸ್‌ಗೆ ಅದು ಐದೂವರೆ ಅಡಿ. ರಾಣೆಬೆನ್ನೂರ ಸೀಮೆಯ ಅರಳೆಯನ್ನು ಗೋಡೆಗುಂಟ ಆಳೆತ್ತರದಷ್ಟು ದಪ್ಪಕ್ಕೆ ಒಟ್ಟಿದರೆ ಕೆಲಸವಾದೀತು, ಆದರೆ ಕೂರಲು ಜಾಗ ಉಳಿಯದು. ಹಂಚಿನ ಮನೆಯ ಕಥೆ ಬೇರೆ. ಅಲ್ಲಿ ಬೇಸ್ ಮಾಡಿನ ಸಂದುಗಳಿಂದ ಹೊರಗೆ ಸೋರುತ್ತದೆ. ಗುಂಯ್‌ಗುಡುವಿಕೆ ಕಡಿಮೆ, ಆದರೆ ಪೆಟ್ಟಿಗೆಗೆ ದುಡಿಮೆ ಹೆಚ್ಚು.

ಜಾಗ ಹುಡುಕುವ ಬಗೆ

ಕೋಣೆಯನ್ನು ಬದಲಿಸಲಾಗದಿದ್ದರೂ ಪೆಟ್ಟಿಗೆಯ ಜಾಗವನ್ನೂ ನಮ್ಮ ಆಸನವನ್ನೂ ಬದಲಿಸಬಹುದು. ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲೆಯೇ ಇಟ್ಟು, ತಗ್ಗಿನ ಸ್ವರಗಳಿರುವ ಹಾಡೊಂದನ್ನು ಹಚ್ಚಿ. ನೀವು ಗೋಡೆಗುಂಟ ಬಗ್ಗಿ ಸುತ್ತಾಡಿ, ಬೇಸ್ ಎಲ್ಲಿ ಸ್ಪಷ್ಟವಾಗಿ, ಎಲ್ಲ ಸ್ವರಗಳಿಗೂ ಒಂದೇ ತೂಕದಲ್ಲಿ ಕೇಳುತ್ತದೆಯೋ ಗುರುತು ಹಾಕಿ. ಪೆಟ್ಟಿಗೆಯ ಜಾಗ ಅದೇ. ಸದ್ದು ಹೊರಡುವ ಜಾಗ, ಕೇಳುವ ಜಾಗ ಎರಡನ್ನೂ ಅದಲುಬದಲು ಮಾಡಿದರೂ ಫಲಿತಾಂಶ ಒಂದೇ ಎಂಬ ಭೌತಶಾಸ್ತ್ರದ ನಿಯಮ ಇದರ ಬೆನ್ನಿಗಿದೆ. ಮೂಲೆಯಲ್ಲಿಟ್ಟರೆ ಸದ್ದು ಅತಿ ಹೆಚ್ಚು, ಜೊತೆಗೆ ಕೋಣೆಯ ಎಲ್ಲ ಉಬ್ಬುಗಳೂ ಮೈದಳೆಯುತ್ತವೆ.

ಪರೀಕ್ಷೆಗೆ ಡೊಳ್ಳಿನ ಧ್ವನಿಮುದ್ರಣಕ್ಕಿಂತ ಒಳ್ಳೆಯದು ಇಲ್ಲ. ಜಾನಪದ ವಿಶ್ವವಿದ್ಯಾಲಯವಿರುವ ಗೊಟಗೋಡಿಯಿಂದ ಬೀರಪ್ಪನ ಗುಡಿಯಂಗಳದವರೆಗೆ ಹಾವೇರಿ ಜಿಲ್ಲೆಯವರು ಡೊಳ್ಳನ್ನು ಬಯಲಲ್ಲಿ ಕೇಳಿ ಬೆಳೆದವರು. ಬಯಲಿಗೆ ಗೋಡೆಯಿಲ್ಲ, ಅಲೆ ಹಿಂದಿರುಗುವುದಿಲ್ಲ. ಕೋಲಿನ ಪೆಟ್ಟು, ಬರಿಗೈ ಪೆಟ್ಟು ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ, ಬಿದ್ದು ನಿಲ್ಲುತ್ತವೆ. ಮನೆಯಲ್ಲಿ ಅದೇ ಮುದ್ರಣ ಹಚ್ಚಿದಾಗ ಒಂದು ಪೆಟ್ಟಿನ ಬಾಲ ಇನ್ನೊಂದು ಪೆಟ್ಟಿನ ಮೇಲೆ ಎಳೆದುಕೊಂಡು ಬಂದರೆ ಜಾಗ ತಪ್ಪಿದೆ, ಇಲ್ಲವೇ ಪೆಟ್ಟಿಗೆ ಒಳ್ಳೆಯದಲ್ಲ.

ಆಡಿಯೋ ಸಾಧನಗಳ ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಕೋಣೆಯ ಕಡೆಗೇ ಬೊಟ್ಟು ಮಾಡುತ್ತದೆ. ಎದುರುಬದಿರು ಗೋಡೆಗಳ ನಡುವಿನಲ್ಲಿ ಒಂದೊಂದರಂತೆ ಎರಡು ಸಬ್‌ವೂಫರ್ ಇಟ್ಟರೆ ಕೆಲವು ಉಬ್ಬುಗಳು ಒಂದನ್ನೊಂದು ರದ್ದುಮಾಡಿ, ಆಸನದಿಂದ ಆಸನಕ್ಕೆ ಬೇಸಿನ ಏರುಪೇರು ತಗ್ಗುತ್ತದೆ. ದೊಡ್ಡದೊಂದಕ್ಕೆ ಸುರಿಯುವ ಹಣದಲ್ಲಿ ಎರಡು ಸಾಧಾರಣ ಪೆಟ್ಟಿಗೆ ಕೊಳ್ಳುವುದು ಕೂಡುಕುಟುಂಬದ ಹಾಲ್‌ಗೆ ಲೇಸು.

ವಾಟಿನ ಲೆಕ್ಕ

ಪವರ್ಡ್ ಸಬ್‌ವೂಫರ್ ಎಂದರೆ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುವಂಥದ್ದು. ನಮ್ಮಲ್ಲಿ ರೇಡಿಯೋ ರಿಪೇರಿಯವರು 4440 ಐಸಿಯ ಬೋರ್ಡಿಗೆ ಪ್ಲೈವುಡ್ ಬಾಕ್ಸ್ ಜೋಡಿಸಿ ಕೊಡುತ್ತಿದ್ದ ಕಾಲ ಹಲವರಿಗೆ ನೆನಪಿದ್ದೀತು. ಆ ಐಸಿಯ ಎರಡೂ ಚಾನೆಲ್ ಸೇರಿಸಿದರೂ ಸಿಗುತ್ತಿದ್ದುದು ಸುಮಾರು 19 ವಾಟ್. ಅಷ್ಟರಲ್ಲೇ ಮನೆ ತುಂಬುತ್ತಿತ್ತು. ಇಂದು ಡಬ್ಬಿಯ ಮೇಲೆ 5,000 ವಾಟ್ ಪಿ.ಎಂ.ಪಿ.ಓ. (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಕಂಡರೆ ಒಂದು ಸಣ್ಣ ಲೆಕ್ಕ ಹಾಕಿ. ಮನೆಯ ಸಣ್ಣ ಪ್ಲಗ್ಗು ಕೊಡುವುದು 230 ವೋಲ್ಟಿನಲ್ಲಿ 6 ಆಂಪಿಯರ್, ಅಂದರೆ ಹೆಚ್ಚೆಂದರೆ 1,380 ವಾಟ್. ಗೋಡೆ ಕೊಡಲಾಗದ್ದನ್ನು ಪೆಟ್ಟಿಗೆ ಎಡೆಬಿಡದೆ ಎಲ್ಲಿಂದ ತಂದೀತು? ನೋಡಬೇಕಾದ್ದು ಆರ್.ಎಂ.ಎಸ್. ಅಂಕಿ, ಅಂದರೆ ಪೆಟ್ಟಿಗೆ ಎಡೆಬಿಡದೆ ಕೊಡಬಲ್ಲ ವಾಟ್. ಅದರಲ್ಲೂ ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹತ್ತು ಪಟ್ಟು ವಾಟ್ ಬೇಕು.

ವಾಟಿಗಿಂತ ದೊಡ್ಡ ಪ್ರಶ್ನೆ, ‘ಎಷ್ಟ್ ಹರ್ಟ್ಸ್ ತನಕ ಕೆಳಗ ಇಳಿತೈತ್ರಿ?’ ಎಂಬುದು. ಕಂಪನಾಂಕ ಅರ್ಧಕ್ಕಿಳಿದರೆ ಅದೇ ಸದ್ದಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 12 ಇಂಚಿನ ಕೋನಿನ ವಿಸ್ತೀರ್ಣ 8 ಇಂಚಿನದರ ಎರಡೂಕಾಲು ಪಟ್ಟು. ಹಾಗಾಗಿ ಸಿನಿಮಾದ ಗುಡುಗು, ಸ್ಫೋಟಗಳ 25–30 ಹರ್ಟ್ಸ್ ಬೇಕೆನ್ನುವವರಿಗೆ ಅಂಗೈಯಗಲದ ವೂಫರ್ ಸಾಲದು.

ಪೆಟ್ಟಿಗೆಯಲ್ಲಿ ಎರಡು ಬಗೆ. ಎಡ್ಗರ್ ವಿಲ್ಚರ್ 1954ರಲ್ಲಿ ತಂದ ಸ್ಪೀಕರಿನಿಂದ ಹೆಸರಾದದ್ದು ಪೂರ್ತಿ ಮುಚ್ಚಿದ ಪೆಟ್ಟಿಗೆ. ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಇನ್ನೊಂದಕ್ಕೆ ಕೊಳವೆಯಂಥ ಪೋರ್ಟ್ ಇರುತ್ತದೆ. ಅದು ತನ್ನ ಸ್ವರದ ಹತ್ತಿರ ಹೆಚ್ಚು ಸದ್ದು ಕೊಟ್ಟು, ಅದಕ್ಕೂ ಕೆಳಗೆ ಥಟ್ಟನೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆ ಮೆಲ್ಲಗೆ ಇಳಿಯುತ್ತದೆ, ಬಾಗಿಲು ಮುಚ್ಚಿದ ಸಣ್ಣ ಆರ್‌ಸಿಸಿ ಕೋಣೆ ಆ ಕೊರತೆಯನ್ನು ತಾನೇ ಒಂದಿಷ್ಟು ತುಂಬಿಕೊಡುತ್ತದೆ. ಅಂಥ ಕೋಣೆಗೆ ಮುಚ್ಚಿದ್ದು, ಅಡುಗೆಮನೆಗೆ ತೆರೆದುಕೊಂಡ ದೊಡ್ಡ ಹಾಲ್‌ಗೋ ಹಂಚಿನ ಮನೆಯ ಪಡಸಾಲಿಗೋ ಪೋರ್ಟ್ ಇರುವುದು ಎಂದು ಸ್ಥೂಲವಾಗಿ ಹೇಳಬಹುದು.

ಮನೆಗೆ ತಂದ ಮೇಲೆ ಕ್ರಾಸ್‌ಓವರನ್ನು, ಅಂದರೆ ಯಾವ ಕಂಪನಾಂಕದಿಂದ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂದು ಗೊತ್ತುಮಾಡುವ ಗುಂಡಿಯನ್ನು, 80 ಹರ್ಟ್ಸ್‌ನಿಂದ ಶುರುಮಾಡಿ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲವಾದ್ದರಿಂದ ಪೆಟ್ಟಿಗೆ ಟಿವಿಯ ಪಕ್ಕದಲ್ಲೇ ಇರಬೇಕೆಂದಿಲ್ಲ. ಫೇಸ್ ಗುಂಡಿಯನ್ನು 0 ಮತ್ತು 180ರ ನಡುವೆ ಬದಲಿಸಿ, ಕೂತಲ್ಲಿ ಬೇಸ್ ತುಂಬಿ ಕೇಳುವ ಕಡೆ ಬಿಡಿ. ಹಾಡಿಲ್ಲದಾಗಲೂ ‘ಹ್‌ಮ್ಮ್’ ಎನ್ನುತ್ತಿದ್ದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್, ಸಬ್‌ವೂಫರಿನ ಸೀಮೆಯೊಳಗೇ ಬರುವ ಸದ್ದು. ಸಿಗ್ನಲ್ ಕೇಬಲ್ ಕಿತ್ತಾಗ ಅದು ನಿಂತರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಸಬ್‌ವೂಫರ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಅರ್ತಿಂಗ್ ಪಿನ್ ಮಾತ್ರ ಎಂದೂ ಕತ್ತರಿಸಬೇಡಿ, ಅದು ಜೀವದ ಪ್ರಶ್ನೆ.

ಗೋಡೆಯಾಚೆಯ ಮನೆ

ಬ್ಯಾಡಗಿಯಂಥ ಹಳೆಯ ಪೇಟೆಯ ಓಣಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುವುದುಂಟು. ಕಂಪನಾಂಕ ಅರ್ಧಕ್ಕಿಳಿದಾಗಲೆಲ್ಲ ಗೋಡೆ ಸದ್ದು ತಡೆಯುವುದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಮಾತಿನ 800 ಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್‌ಗೆ ಅದೇ ಗೋಡೆ 24 ಡೆಸಿಬೆಲ್ ಸಡಿಲ. ನಿಮ್ಮ ಸಿನಿಮಾದ ಮಾತು ನೆರೆಯವರಿಗೆ ಕೇಳದು, ಬೇಸ್ ಮಾತ್ರ ಅವರ ಮಲಗುವ ಕೋಣೆಗೆ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ಆ ಅಳತೆಯ ಮಾಪಕ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು, 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕಡಿತ ಮಾಡಿಯೇ ಲೆಕ್ಕ ಹಿಡಿಯುತ್ತದೆ. ಕಾಯಿದೆಯ ಅಂಕಿಯೊಳಗಿದ್ದೂ ಪಕ್ಕದ ಮನೆಯ ಹಸುಗೂಸಿನ ನಿದ್ದೆ ಕೆಡಿಸಬಹುದು.

ಇದಕ್ಕೂ ಭೌತಶಾಸ್ತ್ರದಲ್ಲೇ ದಾರಿಯಿದೆ. ಪೆಟ್ಟಿಗೆಯನ್ನು ಹಂಚಿಕೊಂಡ ಗೋಡೆಯಿಂದ ದೂರ ತಂದು, ಅಡಿಗೆ ದಪ್ಪ ರಬ್ಬರು ಹಾಕಿ, ಸೋಫಾದ ಬೆನ್ನಿಗೇ ಇಡಿ. ಪೆಟ್ಟಿಗೆ ಹತ್ತಿರವಾದಷ್ಟೂ ನಿಮ್ಮ ಕಿವಿಗೆ ಅದರ ನೇರ ಸದ್ದು ಹೆಚ್ಚು ತಲುಪುತ್ತದೆ, ಆದ್ದರಿಂದ ವಾಲ್ಯೂಮ್ ಗುಂಡಿಯನ್ನು ಸಾಕಷ್ಟು ಇಳಿಸಬಹುದು. ಕೋಣೆಯ ಉಬ್ಬುಗಳೂ ತಗ್ಗುತ್ತವೆ, ಓಣಿಗೆ ಹೋಗುವ ಸದ್ದೂ ತಗ್ಗುತ್ತದೆ. ಅಳತೆ ಟೇಪು ಹಿಡಿದು ಕೋಣೆ ತಿಳಿದುಕೊಂಡವರಿಗೆ ಸಣ್ಣ ಪೆಟ್ಟಿಗೆಯಲ್ಲೇ ಇದು ಸಾಧ್ಯ. ದೊಡ್ಡ ವಾಟಿನ ದುಡ್ಡು ಉಳಿಯುತ್ತದೆ, ಗೋಡೆಯಾಚೆಯವರೊಂದಿಗಿನ ಒಳ್ಳೆಯ ಮಾತೂ ಉಳಿಯುತ್ತದೆ.