ಮಾರ್ಫಿನ್ ಗುಳಿಗೆ: ಪುಡಿ ಮಾಡಬೇಡಿ, ಹೊತ್ತು ತಪ್ಪಿಸಬೇಡಿ

ಮನೆಯಲ್ಲಿ ಯಾರಿಗಾದರೂ ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ ಮನೆಮಂದಿಯ ಮುಖ ಬಾಡುತ್ತದೆ. 'ಇದು ಅಫೀಮಿನಿಂದ ಮಾಡಿದ್ದಲ್ಲವೇ? ಚಟ ಹತ್ತುವುದಿಲ್ಲವೇ? ಕೊನೆಗಾಲ ಬಂತೆಂದು ಅರ್ಥವೇ?' ಎಂದು ಕೇಳುತ್ತಾರೆ. ಅಫೀಮಿನಿಂದ ಬಂದದ್ದು ನಿಜ. ಆದರೆ ಮಾರ್ಫಿನ್ ಕೊಡುವುದು ನೋವು ಎಷ್ಟಿದೆ ಎಂದು ನೋಡಿ, ಆಯುಸ್ಸು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿ ಅಲ್ಲ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವರಿಗೆ ಚಟ ಅಂಟುವುದು ಕಡಿಮೆ. ಹೆದರಿಕೆಯಿಂದ ಗುಳಿಗೆಯನ್ನು ಬೀರುವಿನಲ್ಲಿಟ್ಟು ರೋಗಿಯನ್ನು ರಾತ್ರಿಯಿಡೀ ನರಳಲು ಬಿಡುವುದು ಸರಿಯಲ್ಲ.

ಎಚ್ಚರಿಕೆ ಬೇಕಾದದ್ದು ಗುಳಿಗೆ ಕೊಡುವ ರೀತಿಯಲ್ಲಿ. ಸಾಮಾನ್ಯ ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು 4 ಗಂಟೆ. ನಿಧಾನವಾಗಿ ಕರಗುವ ಗುಳಿಗೆಯದು ಸುಮಾರು 12 ಗಂಟೆ. ಈ ಎರಡನೆಯದರಲ್ಲಿ ಅರ್ಧ ದಿನದ ಔಷಧವೆಲ್ಲ ತುಂಬಿದ್ದು, ಸ್ವಲ್ಪ ಸ್ವಲ್ಪವಾಗಿ ಹೊರಬರುವಂತೆ ತಯಾರಿಸಿರುತ್ತಾರೆ. ಮಾವನವರಿಗೆ ನುಂಗಲಾಗುವುದಿಲ್ಲವೆಂದು ಸೊಸೆ ಅದನ್ನು ಪುಡಿ ಮಾಡಿ ರಾಗಿ ಗಂಜಿಯಲ್ಲಿ ಕಲಸಿ ಕೊಟ್ಟರೆ, 12 ಗಂಟೆಯ ಔಷಧ ಬೇಗನೆ ರಕ್ತಕ್ಕೆ ಸೇರುತ್ತದೆ. ಉಸಿರಾಟ ಕುಂದಿ ಪ್ರಾಣಕ್ಕೇ ಸಂಚಕಾರ ಬರಬಹುದು. ಮುರಿಯುವುದೂ ಜಗಿಯುವುದೂ ಅಷ್ಟೇ ಅಪಾಯ. ನುಂಗಲಾಗದಿದ್ದರೆ ವೈದ್ಯರಿಗೆ ತಿಳಿಸಿ. ಬೇರೆ ರೂಪದ ಔಷಧವಿದೆ.

ಇದು ನೋವು ಬಂದಾಗ ನುಂಗುವ ಗುಳಿಗೆಯಲ್ಲ, ನೋವು ಏಳದಂತೆ ತಡೆಯುವ ಗುಳಿಗೆ. ಬೆಳಿಗ್ಗೆ 8ಕ್ಕೆ ಕೊಟ್ಟರೆ ಮತ್ತೆ ರಾತ್ರಿ 8ಕ್ಕೆ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ಕೊಡಕೂಡದು. ನಡುವೆ ನೋವು ಎದ್ದರೆ ಅದಕ್ಕೆಂದೇ ವೈದ್ಯರು ಕೊಟ್ಟ ಸಾಮಾನ್ಯ ಗುಳಿಗೆಯನ್ನು ಬಳಸಬೇಕು. ಏಕಾದಶಿಯಿರಲಿ, ರಂಜಾನ್ ಇರಲಿ, ಉಪವಾಸ ಮಾಡಲೇಬೇಕೆನ್ನುವವರು ಗುಳಿಗೆಯ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಲಿ. ಥಟ್ಟನೆ ನಿಲ್ಲಿಸಿದರೆ ನೋವು ಮರುಕಳಿಸುವುದಲ್ಲದೆ ಬೆವರು, ನಡುಕ, ಭೇದಿಯೂ ಕಾಡಬಹುದು.

ಕೆಲವರಿಗೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಕೊಡುತ್ತಾರೆ. ಒಂದು ಪ್ಯಾಚ್ ಸಾಮಾನ್ಯವಾಗಿ 3 ದಿನಕ್ಕೆ. ಬಿಸಿ ತಗುಲಿದರೆ ಔಷಧ ಹೆಚ್ಚು ಒಳಸೇರುತ್ತದೆ. ಆದ್ದರಿಂದ ಅದರ ಮೇಲೆ ಬಿಸಿನೀರಿನ ಚೀಲ ಬೇಡ. ಸುಡುಸುಡು ನೀರಿನ ಎಣ್ಣೆಸ್ನಾನವೂ ಬೇಡ. ಜ್ವರ ಬಂದರೆ ವೈದ್ಯರಿಗೆ ತಿಳಿಸಿ. ಹೊಸದನ್ನು ಅಂಟಿಸುವ ಮುಂಚೆ ಹಳೆಯದನ್ನು ತೆಗೆದು, ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಮಾಡಿ. ಬಳಸಿದ ಪ್ಯಾಚಿನಲ್ಲಿ ಉಳಿದ ಔಷಧವೇ ಮಗುವಿನ ಜೀವ ತೆಗೆಯಬಲ್ಲದು.

ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುತ್ತದೆ, ತಾನಾಗಿ ಹೋಗುವುದಿಲ್ಲ. ಮೊದಲ ದಿನದಿಂದಲೇ ಅದಕ್ಕೂ ಔಷಧ ಬೇಕು. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಇಳಿಯುತ್ತವೆ. ಆದರೆ ಎಬ್ಬಿಸಿದರೂ ಏಳದ ನಿದ್ದೆ, ತೀರ ನಿಧಾನವಾದ ಉಸಿರು ಕಂಡರೆ ಕಾಯಬಾರದು. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಎಂಬ ಮಾರುಮದ್ದಿದೆ. ಮದ್ಯ ಮತ್ತು ನಿದ್ದೆಗುಳಿಗೆ ಈ ಔಷಧದ ಜೊತೆ ಸೇರಲೇಬಾರದು. ಮೂತ್ರಪಿಂಡದ ತೊಂದರೆಯಿದ್ದರೆ ಮುಚ್ಚಿಡಬೇಡಿ.

ಪಕ್ಕದ ಮನೆಯವರ ಬೆನ್ನುನೋವಿಗೆ ನಿಮ್ಮಲ್ಲಿರುವ ಗುಳಿಗೆ ಕೊಡುವ ಔದಾರ್ಯ ಖಂಡಿತ ಬೇಡ. ಅಭ್ಯಾಸವಿಲ್ಲದ ದೇಹಕ್ಕೆ ಅದೇ ಪ್ರಮಾಣ ವಿಷವಾಗಬಹುದು. ಮಂಡಿನೋವು, ಸೊಂಟನೋವುಗಳಿಗೆ ಇದು ಸಾಮಾನ್ಯವಾಗಿ ತಕ್ಕ ಮದ್ದೂ ಅಲ್ಲ.

ಮಾರ್ಫಿನ್ ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದಾಗಿ ಅನೇಕ ಆಸ್ಪತ್ರೆಗಳು ಅದನ್ನು ಇಡುವ ಗೋಜಿಗೇ ಹೋಗುತ್ತಿರಲಿಲ್ಲ. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಸಂಸ್ಥೆಗಳಿಗೆ ನಿಯಮ ಸರಳವಾಯಿತು. ನಗರದ ಪೂರ್ವ ಭಾಗದವರಿಗೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯ ಹತ್ತಿರ. ಇಂದಿರಾನಗರದ ರೋಟರಿ ಕ್ಲಬ್ ಮತ್ತು ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ 1994ರಲ್ಲಿ ಹುಟ್ಟುಹಾಕಿದ ಟ್ರಸ್ಟಿನ ಈ ಆಶ್ರಯಧಾಮ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ.

ಗುಳಿಗೆಗಳನ್ನು ಬೀಗ ಹಾಕಿಡಿ, ಎಣಿಸಿಡಿ. ರೋಗಿ ತೀರಿಕೊಂಡ ಮೇಲೆ ಉಳಿದದ್ದನ್ನು ಯಾರಿಗಾದರೂ ಬೇಕಾದೀತೆಂದು ಇಟ್ಟುಕೊಳ್ಳದೆ, ಕೊಟ್ಟ ಆಸ್ಪತ್ರೆಗೇ ಕೊಂಡೊಯ್ದು ಏನು ಮಾಡಬೇಕೆಂದು ಕೇಳಿ.