ಮಣ್ಣಾಗುವ ಬಟ್ಟೆ

ಕುರ್ಚಿಗೆ ಹೊದಿಸುವ ಬಟ್ಟೆಯಿಂದ ಯಾರಿಗೆ ಏನು ಕೇಡು ಎನ್ನಬಹುದು. ಸ್ವಿಟ್ಜರ್ಲೆಂಡಿನ ರೋನರ್ ಗಿರಣಿಯಲ್ಲಿ ಇಂಥ ಬಟ್ಟೆಯ ಅಂಚು ಕತ್ತರಿಸಿ ಉಳಿದ ಚೂರುಗಳನ್ನು ಸರ್ಕಾರ ‘ಅಪಾಯಕಾರಿ ತ್ಯಾಜ್ಯ’ ಎಂದು ಸಾರಿತ್ತು. ಅದೇ ಬಣ್ಣ ಹೊತ್ತ ಮಿಕ್ಕ ಬಟ್ಟೆ ಮಾತ್ರ ಸಲೀಸಾಗಿ ಕುರ್ಚಿ ಏರುತ್ತಿತ್ತು!

1990ರ ದಶಕದಲ್ಲಿ ಈ ಗಿರಣಿಗೆ ಹೊಸ ಬಟ್ಟೆ ರೂಪಿಸಲು ಬಂದವರು ಅಮೆರಿಕದ ವಾಸ್ತುಶಿಲ್ಪಿ ವಿಲಿಯಂ ಮೆಕ್‌ಡೊನೊ ಮತ್ತು ಜರ್ಮನಿಯ ರಸಾಯನವಿಜ್ಞಾನಿ ಮೈಕೆಲ್ ಬ್ರೌನ್‌ಗಾರ್ಟ್. ನೂಲು ಆರಿಸುವಾಗಲೇ ಬಟ್ಟೆಯ ಕೊನೆಗಾಲವನ್ನೂ ಯೋಚಿಸಬೇಕೆಂಬುದು ಅವರ ಪಟ್ಟು. ಹತ್ತಿಗೆ ಹಳೆಯ ಪ್ಲಾಸ್ಟಿಕ್ ಬಾಟಲಿಯ ನೂಲು ಬೆರೆಸೋಣವೆಂಬ ಸಲಹೆಯನ್ನು ಇಬ್ಬರೂ ಒಪ್ಪಲಿಲ್ಲ. ಆ ಬೆರಕೆ ಮಣ್ಣಿನಲ್ಲಿ ಪೂರಾ ಕೊಳೆಯದು, ಮತ್ತೆ ಕರಗಿಸಲೂ ಬಾರದು. ಕೊನೆಗೆ ಆರಿಸಿದ್ದು ಉಣ್ಣೆ ಮತ್ತು ರಾಮೀ ಎಂಬ ಗಿಡದ ನಾರು.

ನಿಜವಾದ ತೊಡಕು ಬಣ್ಣದ್ದು. ತಮ್ಮ ಬಣ್ಣಗಳ ಗುಟ್ಟು ಬಿಟ್ಟುಕೊಡಲು ಕಂಪನಿಗಳು ಒಲ್ಲೆನೆಂದವು. ಸೀಬಾ-ಗೈಗಿ ಮಾತ್ರ ಒಪ್ಪಿತು. ಸುಮಾರು 8,000 ರಾಸಾಯನಿಕಗಳನ್ನು ಜಾಲಾಡಿದಾಗ ಉಳಿದದ್ದು ಬರೀ 38. ಅಷ್ಟರಲ್ಲೇ ಕೆಲಸ ನಡೆಯಿತು.

ಗಿರಣಿ ಹೊರಬಿಟ್ಟ ನೀರನ್ನು ಪರೀಕ್ಷಿಸಿದ ಅಧಿಕಾರಿಗಳು ತಮ್ಮ ಉಪಕರಣವೇ ಕೆಟ್ಟಿದೆ ಎಂದುಕೊಂಡರಂತೆ. ಅದು ಒಳಬಂದ ನೀರಿನಷ್ಟೇ ಶುದ್ಧವಾಗಿತ್ತು. ಆ ಚೂರುಗಳೋ, ನಮ್ಮ ತೋಟಗಳಲ್ಲಿ ಸೊಪ್ಪು ಹರಡುವಂತೆ, ಸ್ಟ್ರಾಬೆರಿ ಪಾತಿಗಳಿಗೆ ಹೊದಿಕೆಯಾಗಿ ಹೋದವು.